ಹಳೆಯ ಬಟ್ಟೆಯ ಲೆಕ್ಕ

(ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈಚೆಗೆ ಒಂದು ಹೊಸ ಮಾತು ಎಲ್ಲೆಡೆಯಲ್ಲೂ ಕೇಳಿಬರುತ್ತಿದೆ. ಅದಕ್ಕೆ ವರ್ತುಲ ಅರ್ಥವ್ಯವಸ್ಥೆ ಎಂದು ಹೆಸರು. ಮಾಡಿದ ಸರಕನ್ನು ಬಳಸಿ ಬಿಸಾಡಕೂಡದು. ಅದನ್ನು ರಿಪೇರಿ ಮಾಡಬೇಕು, ಬಿಚ್ಚಬೇಕು, ಮತ್ತೆ ಸರಕಾಗಿಸಬೇಕು ಎಂಬುದು ಅದರ ಸಾರ. ಬಟ್ಟೆಯ ವಿನ್ಯಾಸ ಮಾಡುವವರು, ಕರಕುಶಲ ವಸ್ತುಗಳ ದೊಡ್ಡ ಮಳಿಗೆಯವರು, ಫ್ಯಾಷನ್ ಕಂಪನಿಗಳವರು ಈ ಮಾತನ್ನು ಬಹಳವಾಗಿ ಆಡುತ್ತಿದ್ದಾರೆ. ಮಾತು ಒಳ್ಳೆಯದೇ. ಆದರೆ ನೂಲು, ಬಟ್ಟೆ, ಚಿಂದಿಗಳ ನಡುವೆಯೇ ಬದುಕುವ ನಾವು ಅದನ್ನು ನಮ್ಮ ಲೆಕ್ಕದಲ್ಲಿ ಒರೆಹಚ್ಚಿ ನೋಡಬೇಕು. ಈ ಚಕ್ರವನ್ನು ತಿರುಗಿಸುವವರು ಯಾರು? ಅವರ ಕೈಗೆ ಸೇರುವುದೆಷ್ಟು?

ಮೊದಲನೆಯದಾಗಿ, ಈ ವಿದ್ಯೆ ಹೊಸದಲ್ಲ. ಬ್ಲೋ ರೂಮಿನಲ್ಲಿ, ಕಾರ್ಡಿಂಗಿನಲ್ಲಿ ಬೀಳುವ ವೇಸ್ಟ್ ಹತ್ತಿಯನ್ನು ಯಾವ ಮಾಲೀಕನೂ ಸುಮ್ಮನೆ ಚೆಲ್ಲುವುದಿಲ್ಲ. ಅದರಿಂದ ದಪ್ಪ ನೂಲು ತೆಗೆಯುತ್ತಾರೆ. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ನಮ್ಮ ಓಣಿಗಳಿಗೆ ಬರುತ್ತಾಳೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತಿ ಸುತ್ತಿ ನಡುವಿಗೆ ತರುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಚಿ ಹೂವು ಕೂರಿಸುತ್ತಾರೆ. ಇಂದು ಆ ಕೌದಿಗಳು ದೇಶವಿದೇಶಗಳ ಕಲಾ ಪ್ರದರ್ಶನಗಳಲ್ಲಿ ತೂಗುತ್ತವೆ. ತುಂಡು ಬಟ್ಟೆಯಲ್ಲಿ ಬಣ್ಣ ಹೊಂದಿಸುವ ಆ ಕಣ್ಣು, ಸಾವಿರಾರು ಹೊಲಿಗೆ ಹಾಕುವ ಆ ಕೈ, ಇವೇ ಅದರ ಬಂಡವಾಳ.

ಇನ್ನು ಯಂತ್ರದ ಕಡೆ ನೋಡೋಣ. ಹಳೆಯ ಉಣ್ಣೆಬಟ್ಟೆಯನ್ನು ಹರಿದು ಎಳೆ ಎಳೆಯಾಗಿ ಬಿಡಿಸಿ, ಹೊಸ ಉಣ್ಣೆಯೊಂದಿಗೆ ಬೆರೆಸಿ ನೂಲುವ ಕೆಲಸ ಇಂಗ್ಲೆಂಡಿನ ಯಾರ್ಕ್‌ಷೈರಿನ ಬ್ಯಾಟ್ಲಿಯಲ್ಲಿ 1813ರ ಸುಮಾರಿಗೆ ಆರಂಭವಾಯಿತು. ಬೆಂಜಮಿನ್ ಲಾ ಎಂಬಾತ ಅದನ್ನು ರೂಢಿಗೆ ತಂದನೆಂದು ಹೇಳುತ್ತಾರೆ. ಆ ನೂಲಿಗೆ ಶಾಡಿ ಎಂದು ಹೆಸರು. ಮುಂದೆ ಈ ಕಸುಬು ಹರಿಯಾಣದ ಪಾಣಿಪತ್ತಿನಲ್ಲಿ ದೊಡ್ಡದಾಗಿ ಬೆಳೆಯಿತು. ಶ್ರೀಮಂತ ದೇಶಗಳು ಬಿಟ್ಟ ಕೋಟು, ಸ್ವೆಟರುಗಳು ಗುಜರಾತಿನ ಕಾಂಡ್ಲಾ ಬಂದರಿನಲ್ಲಿ ಇಳಿದು ಅಲ್ಲಿಗೆ ಬಂದವು. ಅಲ್ಲಿ ಹೆಂಗಸರು ನೆಲದ ಮೇಲೆ ಕುಳಿತು ಗುಂಡಿ, ಜಿಪ್, ಅಸ್ತರು ಕಿತ್ತು, ಕೆಂಪಿಗೆ ಕೆಂಪು, ನೀಲಿಗೆ ನೀಲಿ ಎಂದು ಬಣ್ಣಬಣ್ಣವಾಗಿ ವಿಂಗಡಿಸುತ್ತಾರೆ. ಹೀಗೆ ವಿಂಗಡಿಸಿದ ಬಟ್ಟೆಯ ನೂಲಿಗೆ ಮತ್ತೆ ಬಣ್ಣ ಹಾಕಬೇಕಾಗಿಲ್ಲ. ಬಣ್ಣದ ಖರ್ಚು, ನೀರಿನ ಖರ್ಚು, ಹೊಳೆಗೆ ಬಿಡುವ ವಿಷ, ಮೂರೂ ಉಳಿಯುತ್ತವೆ. ಪ್ರವಾಹ, ಭೂಕಂಪಗಳಾದಾಗ ನಿರಾಶ್ರಿತರಿಗೆ ಹಂಚುವ ಅಗ್ಗದ ಕಂಬಳಿಗಳೂ ಈ ನೂಲಿನಿಂದಾದವು.

ಈ ಉಳಿತಾಯವನ್ನು ಸಾಧಿಸಿದವರು ಯಾರು? ವಿಂಗಡಿಸುವ ಹೆಂಗಸರು. ಅವರ ಪಾಲಿಗೆ ಬಂದುದು ದಿನಗೂಲಿ ಮತ್ತು ಎಳೆಯ ಧೂಳು. ಆ ಧೂಳು ಎದೆಗೆ ಏನು ಮಾಡುತ್ತದೆಂದು ಗಿರಣಿಯವರಿಗೆ ನಾವು ಹೇಳಬೇಕಾಗಿಲ್ಲ.

ಈ ಚಕ್ರಕ್ಕೆ ಒಂದು ಮಿತಿಯೂ ಉಂಟು. ಬಟ್ಟೆಯನ್ನು ಯಂತ್ರದಲ್ಲಿ ಹರಿದಷ್ಟೂ ಎಳೆ ಗಿಡ್ಡವಾಗುತ್ತದೆ, ನೂಲಿನ ಬಲ ಕುಗ್ಗುತ್ತದೆ. ಹತ್ತಿಗೆ ಪಾಲಿಯೆಸ್ಟರ್ ಬೆರೆಸಿ ನೇಯ್ದರೆ ಅವೆರಡನ್ನು ಮತ್ತೆ ಬೇರ್ಪಡಿಸುವುದು ಬಹು ಕಷ್ಟ. ಆದುದರಿಂದ ಬಟ್ಟೆ ಬೇಕಾದಷ್ಟು ಕೊಳ್ಳಿರಿ, ಆಮೇಲೆ ಮರುಬಳಕೆ ಮಾಡೋಣ ಎಂಬ ಮಾತು ಮೋಸದ ಮಾತು. ಗಟ್ಟಿಯಾಗಿ ಮಾಡಿದ ಬಟ್ಟೆಯನ್ನು ಬಹುಕಾಲ ಉಡುವುದೇ ಮೊದಲ ಉಳಿತಾಯ.

ದೊಡ್ಡ ಕಂಪನಿಗಳ ನಡತೆ ಹೇಗಿತ್ತು ನೋಡಿರಿ. ಬರ್ಬೆರಿ ಎಂಬ ಇಂಗ್ಲೆಂಡಿನ ಕಂಪನಿ 2017-18ರ ಒಂದೇ ವರ್ಷದಲ್ಲಿ, ಮಾರಾಟವಾಗದೆ ಉಳಿದ 2 ಕೋಟಿ 86 ಲಕ್ಷ ಪೌಂಡು ಬೆಲೆಯ ಸರಕನ್ನು ನಾಶಮಾಡಿತು. ಸರಕು ಅಗ್ಗವಾಗಿ ಪೇಟೆಗೆ ಬಂದರೆ ಹೆಸರಿನ ಬೆಲೆ ಇಳಿಯುತ್ತದೆ ಎಂಬ ಭಯ! ಜನ ಛೀಮಾರಿ ಹಾಕಿದ ಮೇಲೆ, 2018ರ ಸೆಪ್ಟೆಂಬರಿನಲ್ಲಿ ಆ ಪದ್ಧತಿಯನ್ನು ಬಿಡುವುದಾಗಿ ಸಾರಿತು. ನಮ್ಮ ಸಂತೆಯ ಬಟ್ಟೆ ವ್ಯಾಪಾರಿ ಉಳಿದ ಪೀಸನ್ನು ಎಂದಾದರೂ ಸುಟ್ಟದ್ದುಂಟೆ?

ನಮ್ಮ ನಾಡಿನಲ್ಲೇ ಬೇರೊಂದು ದಾರಿ ಹಿಡಿದವರಿದ್ದಾರೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ ಚರಕ ಎಂಬ ಮಹಿಳೆಯರ ಸಹಕಾರ ಸಂಘ ಹುಟ್ಟಿತು. ಮಲೆನಾಡಿನಲ್ಲಿ ಹಸಿ ಅಡಿಕೆಯನ್ನು ಬೇಯಿಸಿದಾಗ ಚೊಗರು ಎಂಬ ಕೆಂಪು ರಸ ಉಳಿಯುತ್ತದೆ. ಆ ಚೊಗರನ್ನೇ ಬಣ್ಣವಾಗಿಸಿ ಅವರು ಕೈಮಗ್ಗದ ಬಟ್ಟೆಗೆ ಹಾಕಿದರು. ತೋಟದವನಿಗೆ ಮಿಕ್ಕಿದ್ದು ನೇಕಾರಳಿಗೆ ಬಣ್ಣವಾಯಿತು. ಕೈ ಉತ್ಪನ್ನಗಳ ಮೇಲೆ ತೆರಿಗೆ ಬೇಡವೆಂದು 2017ರ ಅಕ್ಟೋಬರಿನಲ್ಲಿ ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕುಳಿತರು. ಆದರೂ 2020ರಲ್ಲಿ, ಕೊರೊನಾ ಕಾಲದಲ್ಲಿ, ಈ ಸಂಘ ತಾನು ದಿವಾಳಿಯಾಗಿದ್ದೇನೆ ಎಂದು ಬಹಿರಂಗವಾಗಿ ಸಾರಬೇಕಾಯಿತು. ಪರಿಸರದ ಗುಣಗಾನ ಮಾಡುವ ಸಮಾಜ, ಪರಿಸರ ಕೆಡಿಸದೆ ನೇಯುವ ಕೈಗೆ ಬಂಡವಾಳವನ್ನೂ ಮಾರುಕಟ್ಟೆಯನ್ನೂ ಒದಗಿಸದಿದ್ದರೆ ಆಗುವುದು ಇದೇ.

ಈಗ ಪ್ರಶ್ನೆ ಇನ್ನೂ ಹತ್ತಿರಕ್ಕೆ ಬಂದಿದೆ. 2025ರ ಜನವರಿಯಿಂದ ಯುರೋಪು ಒಕ್ಕೂಟದ ದೇಶಗಳು ಹಳೆ ಬಟ್ಟೆಯನ್ನು ಕಸದಿಂದ ಬೇರೆಯಾಗಿ ಸಂಗ್ರಹಿಸಬೇಕೆಂಬ ಕಾನೂನು ಜಾರಿಯಾಗಿದೆ. ಸಂಗ್ರಹವಾದುದನ್ನು ವಿಂಗಡಿಸಲು ಕೈಗಳು ಬೇಕು. ಅಗ್ಗದ ಕೈಗಳನ್ನು ಹುಡುಕುವವರು ಎತ್ತ ನೋಡುತ್ತಾರೆಂಬುದು ನಮಗೆ ತಿಳಿಯದ ವಿಷಯವೇ?

ಆದುದರಿಂದ ನಾವು ಮೂರು ಮಾತನ್ನು ಒತ್ತಿ ಹೇಳುತ್ತೇವೆ. ಒಂದು, ಚಿಂದಿ ವಿಂಗಡಿಸುವವರನ್ನೂ ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ಕೂಲಿ, ಇ.ಎಸ್.ಐ. ಮತ್ತು ಧೂಳಿನಿಂದ ರಕ್ಷಣೆ ಕೊಡಬೇಕು. ಎರಡು, ಕೌದಿ ಹೊಲಿಯುವವಳಿಗೆ ಅದಕ್ಕೆ ಹಿಡಿದ ದಿನಗಳನ್ನು ಲೆಕ್ಕಹಾಕಿ ಕೂಲಿ ಕಟ್ಟಬೇಕು. ಮಳಿಗೆಯ ಚೀಟಿಯಲ್ಲಿ ಅವಳ ಹೆಸರೂ ಇರಬೇಕು. ಮೂರನೆಯದು ನಮ್ಮ ಕೈಯಲ್ಲೇ ಇದೆ. ನಮ್ಮ ದರ್ಜಿ ಅಂಗಡಿಗಳ ಕತ್ತರಿ ತುಂಡುಗಳಲ್ಲಿ ಹತ್ತಿಯನ್ನು ಒಂದು ಚೀಲಕ್ಕೆ, ಮಿಶ್ರ ಬಟ್ಟೆಯನ್ನು ಇನ್ನೊಂದು ಚೀಲಕ್ಕೆ ಹಾಕೋಣ. ಹತ್ತು ಅಂಗಡಿಗಳು ಕೂಡಿ, ಗುಜರಿಯವನನ್ನೂ ಸೇರಿಸಿಕೊಂಡು ಒಟ್ಟಾಗಿ ಮಾರಿದರೆ ದರ ಹೇಳುವ ಶಕ್ತಿ ನಮಗೆ ಬರುತ್ತದೆ. ಈ ಕೆಲಸವನ್ನು ಬರುವ ವಾರವೇ ಆರಂಭಿಸಬಹುದು. ಹೆಸರು ಬರೆಸುವವರು ಸಭೆ ಮುಗಿದ ಮೇಲೆ ಇಲ್ಲಿಯೇ ನಿಲ್ಲಬೇಕಾಗಿ ಕೋರುತ್ತೇವೆ.