46 ಇದೆಯೋ, 47 ಇದೆಯೋ?

ಮನುಷ್ಯರ ಒಂದು ಜೀವಕೋಶದಲ್ಲಿ ವರ್ಣತಂತುಗಳು ಎಷ್ಟು? ಹೈಸ್ಕೂಲಿನ ಯಾರನ್ನು ಕೇಳಿದರೂ 46 ಎಂದು ತಟ್ಟನೆ ಹೇಳುತ್ತಾರೆ. ನಿಮ್ಮ ಮುತ್ತಜ್ಜನ ಕಾಲದಲ್ಲಿ ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಸಿಗುತ್ತಿತ್ತು. ಆಗ ಪುಸ್ತಕಗಳಲ್ಲಿ ಇದ್ದದ್ದು 48. ಅಮೆರಿಕದ ಥಿಯೋಫಿಲಸ್ ಪೇಂಟರ್ ಎಂಬ ವಿಜ್ಞಾನಿ 1923ರಲ್ಲಿ ಹಾಗೆ ಎಣಿಸಿದ್ದರು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ಅದನ್ನೇ ನಂಬಿತ್ತು.

ಪೇಂಟರ್ ದಡ್ಡರಾಗಿರಲಿಲ್ಲ. ಎಣಿಸುವ ಕೆಲಸವೇ ಅಷ್ಟು ಕಷ್ಟದ್ದಾಗಿತ್ತು. ವರ್ಣತಂತುಗಳು ಎಲ್ಲ ಹೊತ್ತಿನಲ್ಲೂ ಕಣ್ಣಿಗೆ ಬೀಳುವುದಿಲ್ಲ. ಜೀವಕೋಶ ಸುಮ್ಮನಿರುವಾಗ ಅವು ತೀರಾ ತೆಳುವಾಗಿ ಹರಡಿಕೊಂಡಿರುತ್ತವೆ. ಒಂದು ಕೋಶ ಎರಡಾಗಲು ಹೊರಟಾಗ ಮಾತ್ರ ಸುರುಳಿ ಸುತ್ತಿಕೊಂಡು ಗಿಡ್ಡವಾಗಿ, ದಪ್ಪವಾಗಿ ಎದ್ದು ಕಾಣುತ್ತವೆ. ಆ ಹೊತ್ತು ಬಹಳ ಬೇಗ ಕಳೆದುಹೋಗುತ್ತದೆ. ಸರಿಯಾದ ಹೊತ್ತಿಗೇ ಹಿಡಿದರೂ ಅವು ಒಂದರ ಮೇಲೊಂದು ಬಿದ್ದಿರುತ್ತವೆ. ಎರಡು ಒಟ್ಟಿಗಿದ್ದರೆ ಒಂದು ಎನಿಸುತ್ತದೆ, ಒಂದು ಬಾಗಿದ್ದರೆ ಎರಡು ಎನಿಸುತ್ತದೆ.

ಬಿಡಿಸುವ ಉಪಾಯ ಸಿಕ್ಕಿದ್ದು ಒಂದು ಎಡವಟ್ಟಿನಿಂದ. 1952ರ ಸುಮಾರಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ಟಿ. ಸಿ. ಷೂ ಎಂಬ ಚೀನಾ ಮೂಲದ ವಿಜ್ಞಾನಿಯ ಕೋಶಗಳು ಒಮ್ಮೆ ಉಪ್ಪು ಕಡಿಮೆಯಾದ ದ್ರಾವಣಕ್ಕೆ ಬಿದ್ದವು. ಯಾರೋ ತಪ್ಪು ಅಳತೆಯಲ್ಲಿ ಕಲಸಿದ್ದರು. ಹೊರಗೆ ಉಪ್ಪು ಕಡಿಮೆ, ಒಳಗೆ ಹೆಚ್ಚು. ಹಾಗಾಗಿ ನೀರು ಕೋಶದೊಳಗೆ ನುಗ್ಗಿತು, ಕೋಶ ಉಬ್ಬಿತು, ವರ್ಣತಂತುಗಳು ದೂರ ದೂರ ಸರಿದು ಬಿಡಿಬಿಡಿಯಾಗಿ ನಿಂತವು. ನನಗೆ ಇವತ್ತಿಗೂ ಅಚ್ಚರಿ ಎನಿಸುವುದು ಇದು: ಅಷ್ಟು ಚೆನ್ನಾಗಿ ಕಂಡ ಮೇಲೂ ಷೂ 48 ಎಂದೇ ಬರೆದರು! ಎಲ್ಲರೂ ಹೇಳಿದ ಸಂಖ್ಯೆ ಕಣ್ಣಿನ ಮೇಲೂ ಅಧಿಕಾರ ನಡೆಸುತ್ತದೆ. ಕೊನೆಗೆ 1955ರ ಡಿಸೆಂಬರ್‌ನಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ, ಜಾವಾದಲ್ಲಿ ಹುಟ್ಟಿದ ಜೋ ಹಿನ್ ಚಿಯೋ ಮತ್ತು ಅವರ ಸಹೋದ್ಯೋಗಿ ಆಲ್ಬರ್ಟ್ ಲೆವಾನ್ ಎಣಿಸಿದಾಗ ಸಿಕ್ಕಿದ್ದು 46. ಕೋಶದಿಂದ ಕೋಶಕ್ಕೆ ಹೋದರು, ಮತ್ತೆ ಮತ್ತೆ ಎಣಿಸಿದರು, 46. ಅದನ್ನೇ 1956ರಲ್ಲಿ ಪ್ರಕಟಿಸಿದರು.

ಇನ್ನೊಂದು ಮಾತು. ಸಂಖ್ಯೆ ಹೆಚ್ಚಾದಷ್ಟೂ ಪ್ರಾಣಿ ದೊಡ್ಡದು, ಬುದ್ಧಿವಂತ ಎಂದುಕೊಳ್ಳಬೇಡಿ. ನಾಯಿಯದು 78, ನಾವು ಮುದ್ದೆ ಮಾಡುವ ರಾಗಿಯದು 36. ನಮ್ಮ ಮಲೆನಾಡಿನ ಕಾಡುಗಳಲ್ಲಿ ಓಡಾಡುವ ಕಾಡುಕುರಿಯಲ್ಲಿ ಹೆಣ್ಣಿಗೆ ಬರೀ 6, ಗಂಡಿಗೆ 7. ಸಸ್ತನಿಗಳಲ್ಲೇ ಅತಿ ಕಡಿಮೆ ಅದರದ್ದು.

ಈಗ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಬನ್ನಿ. ಯಾರದ್ದೋ ವರ್ಣತಂತು ನೋಡಬೇಕು. ತೋಳಿನಿಂದ ಒಂದಿಷ್ಟು ರಕ್ತ ತೆಗೆಯುತ್ತಾರೆ. ನಮಗೆ ಬೇಕಾದದ್ದು ಬಿಳಿ ರಕ್ತಕಣ, ಏಕೆಂದರೆ ಕೆಂಪು ಕಣಗಳಲ್ಲಿ ವರ್ಣತಂತುಗಳಿರುವ ಕೋಶಕೇಂದ್ರವೇ ಇಲ್ಲ. ಆದರೆ ರಕ್ತದಲ್ಲಿ ಓಡಾಡುವ ಬಿಳಿ ಕಣಗಳು ಸಾಮಾನ್ಯವಾಗಿ ವಿಭಜನೆ ಆಗುವುದಿಲ್ಲ. ಅವನ್ನು ಎಬ್ಬಿಸುವುದು ಯಾರು ಗೊತ್ತೇ? ಅಡುಗೆಮನೆಯ ರಾಜ್ಮಾ! ಆ ಕಾಳಿನಲ್ಲಿರುವ ಒಂದು ಪ್ರೋಟೀನ್ ಸೋಕಿದರೆ ಬಿಳಿ ಕಣಗಳು ವಿಭಜನೆಗೆ ತೊಡಗುತ್ತವೆ ಎಂದು 1960ರಲ್ಲಿ ಅಮೆರಿಕದ ಪೀಟರ್ ನೋವೆಲ್ ಕಂಡುಕೊಂಡರು. (ಇದೇ ಪ್ರೋಟೀನ್ ಹೊಟ್ಟೆಗೆ ಹೋದರೆ ವಾಂತಿ, ಭೇದಿ. ರಾಜ್ಮಾವನ್ನು ರಾತ್ರಿಯಿಡೀ ನೆನೆಸಿ ಚೆನ್ನಾಗಿ ಬೇಯಿಸಬೇಕು ಎಂದು ಅಮ್ಮ ಹೇಳುವುದು ಸುಮ್ಮನೆ ಅಲ್ಲ.) ರಕ್ತವನ್ನು ಈ ಪ್ರೋಟೀನ್ ಜೊತೆ ನಮ್ಮ ಮೈಯಷ್ಟೇ ಬಿಸಿಯ ಪೆಟ್ಟಿಗೆಯಲ್ಲಿ, 37 ಡಿಗ್ರಿಯಲ್ಲಿ, ಸುಮಾರು ಮೂರು ದಿನ ಇಡುತ್ತಾರೆ.

ಮೂರನೆಯ ದಿನ ಕಾಲ್ಚಿಸಿನ್ ಅಥವಾ ಅದರ ಬಳಗದ ಒಂದು ಔಷಧ ಹಾಕುತ್ತಾರೆ. ವಿಭಜನೆ ಅರ್ಧಕ್ಕೇ ನಿಲ್ಲುತ್ತದೆ, ವರ್ಣತಂತುಗಳು ದಪ್ಪಗಾಗಿ ಕಾಣುವ ಸ್ಥಿತಿಯಲ್ಲೇ ಸಿಕ್ಕಿಬೀಳುತ್ತವೆ. ಮಲೆನಾಡಿನ ಮಕ್ಕಳಿಗೆ ಕಾಲ್ಚಿಸಿನ್ ಪಕ್ಕದ ಬೇಲಿಯಲ್ಲೇ ಇದೆ: ಗೌರಿ ಹಬ್ಬದ ಹೊತ್ತಿಗೆ ಕೆಂಪು–ಹಳದಿಯಾಗಿ ಅರಳುವ ಗೌರಿ ಹೂವಿನ ಬಳ್ಳಿಯ ಗಡ್ಡೆಯಲ್ಲಿ, ಬೀಜದಲ್ಲಿ. ಅದು ಪ್ರಾಣ ತೆಗೆಯುವಂಥ ವಿಷ. ಹೂವನ್ನು ನೋಡಿ ಸಂತೋಷಪಡಿ, ಗಡ್ಡೆಯನ್ನೂ ಬೀಜವನ್ನೂ ಬಾಯಿಗಿಡಬೇಡಿ.

ಆಮೇಲೆ ಷೂ ಅವರ ತೆಳು ಉಪ್ಪುನೀರು. ಉಬ್ಬಿದ ಕೋಶಗಳ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಬೀಳಿಸಿ ಒಣಗಿಸುತ್ತಾರೆ. ನಮ್ಮ ಕರುಳಿನಲ್ಲಿ ಪ್ರೋಟೀನ್ ಅರಗಿಸುವ ಟ್ರಿಪ್ಸಿನ್‌ನಲ್ಲಿ ಅದನ್ನು ಒಂದು ಗಳಿಗೆ ಅದ್ದಿ, ಜೀಮ್ಸಾ ಎಂಬ ಬಣ್ಣ ಹಾಕುತ್ತಾರೆ. ಇದು 1971ರಲ್ಲಿ ಇಂಗ್ಲೆಂಡಿನ ಮರೀನಾ ಸೀಬ್ರೈಟ್ ಎಂಬಾಕೆ ರೂಢಿಗೆ ತಂದ ಕ್ರಮ. ಈಗ ಸೂಕ್ಷ್ಮದರ್ಶಕದಲ್ಲಿ ಸಾವಿರ ಪಟ್ಟು ದೊಡ್ಡದು ಮಾಡಿ ನೋಡಿದರೆ ಪ್ರತಿಯೊಂದು ವರ್ಣತಂತುವಿನ ಮೇಲೂ ಕಪ್ಪು–ಬಿಳಿ ಅಡ್ಡಪಟ್ಟೆಗಳು. ಪಟ್ಟೆಯ ವಿನ್ಯಾಸ ಒಂದೊಂದಕ್ಕೂ ಬೇರೆ. ಅದನ್ನು ನೋಡಿಯೇ ಇದು 7ನೆಯದು, ಇದು 8ನೆಯದು ಎಂದು ಗುರುತಿಸಿ, ಜೋಡಿ ಜೋಡಿಯಾಗಿ, ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ನಿಲ್ಲಿಸುತ್ತಾರೆ. ಈ ಚಿತ್ರಕ್ಕೆ ಕ್ಯಾರಿಯೋಟೈಪ್ ಎನ್ನುತ್ತಾರೆ. ಒಂದೇ ಕೋಶ ನೋಡಿ ತೀರ್ಪು ಕೊಡುವುದಿಲ್ಲ, ಸಾಮಾನ್ಯವಾಗಿ 20 ಕೋಶಗಳನ್ನಾದರೂ ನೋಡುತ್ತಾರೆ. ಕೆಲವರ ಮೈಯಲ್ಲಿ ಒಂದಷ್ಟು ಕೋಶಗಳಲ್ಲಿ 46, ಇನ್ನೊಂದಷ್ಟರಲ್ಲಿ 47 ಇರುವುದೂ ಉಂಟು.

47 ಎಂದರೆ ಏನಾಗುತ್ತದೆ? ಹೆಚ್ಚಾಗಿ ಕಂಡುಬರುವುದು 21ನೆಯದು ಎರಡರ ಬದಲು ಮೂರಿರುವುದು. ಇದೇ ಡೌನ್ ಸಿಂಡ್ರೋಮ್. ಇಂಥ ಮಕ್ಕಳನ್ನು ಜಾನ್ ಲ್ಯಾಂಗ್‌ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯರು 1866ರಲ್ಲೇ ವಿವರಿಸಿದ್ದರು, ಕಾರಣ ತಿಳಿದಿರಲಿಲ್ಲ. ಅದು ತಿಳಿದದ್ದು ಪ್ಯಾರಿಸ್ಸಿನ ಒಂದು ಬಡ ಪ್ರಯೋಗಾಲಯದಲ್ಲಿ. ಮಾರ್ತ್ ಗೋತಿಯೇ ಎಂಬ ಯುವ ವೈದ್ಯೆ ಗಾಜಿನ ಸಾಮಾನಿಗೆ ಸಾಲ ಮಾಡಿದರು. ಕೋಶಗಳಿಗೆ ಆಹಾರವಾಗಿ ತನ್ನದೇ ರಕ್ತದ ಸೀರಮ್ ಬಳಸಿದರು. ಪ್ಲಾಸ್ಮಾಕ್ಕಾಗಿ ಒಂದು ಹುಂಜ ಸಾಕಿದ್ದರಂತೆ! 1958ರಲ್ಲಿ ಆಕೆಗೆ 47ನೆಯ ಪುಟ್ಟ ವರ್ಣತಂತು ಕಂಡಿತು. ಚಿತ್ರ ತೆಗೆಯುವ ಸಲಕರಣೆ ಇರಲಿಲ್ಲ, ಸಹೋದ್ಯೋಗಿ ಜೆರೋಮ್ ಲೆಜೂನ್ ಗಾಜುಪಟ್ಟಿಗಳನ್ನು ಒಯ್ದು ಫೋಟೋ ತೆಗೆಸಿದರು. 1959ರ ಲೇಖನದಲ್ಲಿ ಮೊದಲ ಹೆಸರು ಲೆಜೂನ್ ಅವರದ್ದು. ಗೋತಿಯೇ ಹೆಸರು ಎರಡನೆಯದು, ಅದೂ ತಪ್ಪು ಕಾಗುಣಿತದಲ್ಲಿ. ಬಹಳ ವರ್ಷ ಆಕೆಯನ್ನು ಯಾರೂ ನೆನೆಯಲಿಲ್ಲ. ಇದು ಅನ್ಯಾಯ, ಹಾಗೆಂದು ಹೇಳಲೇಬೇಕು.

ಡೌನ್ ಸಿಂಡ್ರೋಮ್ ಅಂಟುರೋಗವಲ್ಲ, ಅಪ್ಪ–ಅಮ್ಮ ಮಾಡಿದ ಯಾವ ತಪ್ಪಿನ ಫಲವೂ ಅಲ್ಲ. ಇಂಥ ಮಕ್ಕಳು ಕಲಿಯಲು ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತಾರೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದ ಹೃದಯದ ತೊಂದರೆ ಇರುತ್ತದೆ, ಬೇಗ ತಿಳಿದರೆ ಚಿಕಿತ್ಸೆ ಸಾಧ್ಯ. ಪರೀಕ್ಷೆ ಮಾಡುವುದು ಈ ಸಹಾಯಕ್ಕಾಗಿ, ಹೆಸರಿಟ್ಟು ದೂರ ಕೂರಿಸುವುದಕ್ಕಲ್ಲ.

ಕ್ಯಾರಿಯೋಟೈಪ್ ಇಷ್ಟು ಚೆನ್ನಾಗಿದ್ದರೂ ಅದಕ್ಕೊಂದು ಮಿತಿ ಇದೆ. ವರ್ಣತಂತುಗಳಲ್ಲಿ ಸುತ್ತಿಟ್ಟಿರುವ ನಮ್ಮ ಡಿಎನ್‌ಎಯ ಅಕ್ಷರಗಳು, ಪ್ರತಿ ಜೋಡಿಯಿಂದ ಒಂದೊಂದನ್ನೇ ತೆಗೆದುಕೊಂಡು ಎಣಿಸಿದರೆ, ಸುಮಾರು 300 ಕೋಟಿ. ಅದರಲ್ಲಿ 50 ಲಕ್ಷ ಅಕ್ಷರಗಳಿಗಿಂತ ಸಣ್ಣ ತುಂಡು ಕಾಣೆಯಾದರೆ ಪಟ್ಟೆ ನೋಡುವ ಕಣ್ಣಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. 22ನೆಯ ವರ್ಣತಂತುವಿನಲ್ಲಿ ಕೆಲವು ಮಕ್ಕಳಿಗೆ ಸುಮಾರು 30 ಲಕ್ಷ ಅಕ್ಷರಗಳ ತುಂಡು ಇರುವುದಿಲ್ಲ. ಅವರಿಗೂ ಹೃದಯದ ತೊಂದರೆ ಬರಬಹುದು. ಕ್ಯಾರಿಯೋಟೈಪ್ ಮಾತ್ರ ‘46, ಎಲ್ಲ ಸರಿ’ ಎನ್ನುತ್ತದೆ.

ಇಲ್ಲಿ ನೆರವಿಗೆ ಬರುವುದು ಫಿಶ್ ಎಂಬ ವಿಧಾನ. ಹುಡುಕಬೇಕಾದ ಜಾಗಕ್ಕೆ ಸರಿಹೊಂದುವ ಡಿಎನ್‌ಎ ಎಳೆಯೊಂದನ್ನು ತಯಾರಿಸಿ ಅದಕ್ಕೆ ಹೊಳೆಯುವ ಬಣ್ಣ ಕಟ್ಟುತ್ತಾರೆ. ಕೋಶವನ್ನು ಬಿಸಿ ಮಾಡಿದರೆ ಡಿಎನ್‌ಎಯ ಎರಡು ಎಳೆಗಳು ಬಿಡಿಸಿಕೊಳ್ಳುತ್ತವೆ, ಬಣ್ಣದ ಎಳೆ ತನ್ನ ಜೋಡಿಯನ್ನು ಹುಡುಕಿ ಅಂಟಿಕೊಳ್ಳುತ್ತದೆ. ಕತ್ತಲ ಹಿನ್ನೆಲೆಯಲ್ಲಿ ಎರಡು ಕೆಂಪು ಚುಕ್ಕಿ ಮಿಂಚಿದರೆ ಎರಡೂ ತುಂಡು ಇವೆ. ಒಂದೇ ಚುಕ್ಕಿ ಇದ್ದರೆ ಒಂದು ಕಾಣೆ. ಕೋಶ ವಿಭಜನೆ ಆಗಲಿ ಎಂದು ಕಾಯಬೇಕಾಗಿಲ್ಲ, ಒಂದೆರಡು ದಿನದಲ್ಲಿ ಉತ್ತರ ಸಿಗಬಹುದು. ಆದರೆ ಫಿಶ್ ಕೇಳಿದ ಪ್ರಶ್ನೆಗಷ್ಟೇ ಉತ್ತರಿಸುತ್ತದೆ. 22ನೆಯದರಲ್ಲಿ ಹುಡುಕು ಎಂದರೆ 22ರಲ್ಲಿ ಮಾತ್ರ. 7ನೆಯದರಲ್ಲಿ ತುಂಡು ಹೋಗಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಎಲ್ಲಿ ನೋಡಬೇಕೆಂದು ವೈದ್ಯರಿಗೆ ಮೊದಲೇ ಅನುಮಾನ ಬಂದಿರಬೇಕು.

ಅನುಮಾನವೇ ಇಲ್ಲದಿದ್ದರೆ? ಅದಕ್ಕೆ ಮೈಕ್ರೋಅರೇ. ಸಣ್ಣ ಗಾಜಿನ ಪಟ್ಟಿಯ ಮೇಲೆ ಲಕ್ಷಾಂತರ ಡಿಎನ್‌ಎ ತುಣುಕುಗಳನ್ನು ಕೂರಿಸಿರುತ್ತಾರೆ. ಮಗುವಿನ ಡಿಎನ್‌ಎಯನ್ನು ಅದರ ಮೇಲೆ ಹರಿಸಿ, ಪ್ರತಿ ಜಾಗದಲ್ಲೂ ಅದು ಎಷ್ಟಿದೆ ಎಂದು ಯಂತ್ರ ಅಳೆಯುತ್ತದೆ. ಕೆಲವು ಸಾವಿರ ಅಕ್ಷರಗಳಷ್ಟು ಸಣ್ಣ ಕೊರತೆಯೂ ಕೆಲವು ಸಲ ಸಿಕ್ಕಿಬಿಡುತ್ತದೆ. ಬೆಳವಣಿಗೆ ನಿಧಾನವಾಗಿದ್ದು ಕಾರಣ ತಿಳಿಯದ ನೂರು ಮಕ್ಕಳಲ್ಲಿ ಕ್ಯಾರಿಯೋಟೈಪ್ ಸುಮಾರು 3 ಮಕ್ಕಳಿಗೆ ಕಾರಣ ಹೇಳಿದರೆ, ಮೈಕ್ರೋಅರೇ 15ರಿಂದ 20 ಮಕ್ಕಳಿಗೆ ಹೇಳುತ್ತದೆ. ಹಾಗಾಗಿಯೇ ಇಂಥ ಮಕ್ಕಳಿಗೆ ಇದನ್ನೇ ಮೊದಲು ಮಾಡಿ ಎಂದು 2010ರಲ್ಲಿ ತಜ್ಞರು ಸಲಹೆ ಕೊಟ್ಟರು.

ಹಾಗಾದರೆ ಹಳೆಯದನ್ನು ಮೂಲೆಗೆ ಎಸೆಯೋಣವೇ? ನಿಲ್ಲಿ. ಒಂದು ಮಲ್ಲಿಗೆ ಮಾಲೆ, ಒಂದು ಕನಕಾಂಬರದ ಮಾಲೆ ಇವೆ ಎನ್ನಿ. ಎರಡನ್ನೂ ನಡುವೆ ಕತ್ತರಿಸಿ, ಇದರ ತುದಿಗೆ ಅದನ್ನು, ಅದರ ತುದಿಗೆ ಇದನ್ನು ಕಟ್ಟಿದಿರಿ. ಹೂಗಳನ್ನೆಲ್ಲ ಬಿಡಿಸಿ ಮಲ್ಲಿಗೆ ಎಷ್ಟು, ಕನಕಾಂಬರ ಎಷ್ಟು ಎಂದು ತೂಗಿದರೆ ಮೊದಲಿನಷ್ಟೇ. ಅದಲು ಬದಲಾದದ್ದು ತಕ್ಕಡಿಗೆ ತಿಳಿಯುವುದಿಲ್ಲ, ಮಾಲೆಯನ್ನು ಇಡಿಯಾಗಿ ಹಿಡಿದು ನೋಡಿದವರಿಗೆ ತಿಳಿಯುತ್ತದೆ. ಎರಡು ವರ್ಣತಂತುಗಳೂ ಹೀಗೆ ತುಂಡು ಅದಲು ಬದಲು ಮಾಡಿಕೊಂಡಿರಬಹುದು. ಮೈಕ್ರೋಅರೇ ತೂಗುತ್ತದೆ, ಕ್ಯಾರಿಯೋಟೈಪ್ ಇಡಿಯಾಗಿ ನೋಡುತ್ತದೆ.

ಇದು ಒಂದು ಮನೆಗೆ ಎಷ್ಟು ಮುಖ್ಯವಾಗಬಹುದು ನೋಡಿ. ಡೌನ್ ಸಿಂಡ್ರೋಮ್ ಇರುವ ನೂರು ಮಕ್ಕಳಲ್ಲಿ ಮೂರು ನಾಲ್ಕು ಮಕ್ಕಳಿಗೆ ಹೆಚ್ಚಿನ 21ನೆಯದು ಬಿಡಿಯಾಗಿ ಇರುವುದಿಲ್ಲ. ಅದು ಇನ್ನೊಂದಕ್ಕೆ, ಹೆಚ್ಚಾಗಿ 14ನೆಯದಕ್ಕೆ, ಅಂಟಿಕೊಂಡಿರುತ್ತದೆ. ಮೈಕ್ರೋಅರೇ ‘21 ಹೆಚ್ಚಿದೆ’ ಎನ್ನುತ್ತದೆಯೇ ಹೊರತು ಅದು ಎಲ್ಲಿ ಕೂತಿದೆ ಎಂದು ಹೇಳುವುದಿಲ್ಲ. ಎಲ್ಲಿದೆ ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ. ಏಕೆಂದರೆ ಅಪ್ಪನಲ್ಲೋ ಅಮ್ಮನಲ್ಲೋ ಈ ಅಂಟಿದ ಜೋಡಿ ಮೊದಲೇ ಇದ್ದಿರಬಹುದು. ಅವರದು ಎಣಿಸಿದರೆ 45, ಆದರೆ ಬೇಕಾದದ್ದು ಏನೂ ಕಳೆದಿಲ್ಲವಾದ್ದರಿಂದ ಆರೋಗ್ಯವಾಗಿಯೇ ಇರುತ್ತಾರೆ. ಮುಂದಿನ ಮಗುವಿನ ಬಗ್ಗೆ ಅವರಿಗೆ ಸರಿಯಾದ ಸಲಹೆ ಕೊಡಬೇಕಾದರೆ ಬೇಕಾಗುವುದು ರಾಜ್ಮಾ, ಕಾಲ್ಚಿಸಿನ್, ಜೀಮ್ಸಾಗಳ ಆ ಹಳೆಯ ಚಿತ್ರವೇ. ಇಡೀ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದುವ ಯಂತ್ರಗಳು ಈಗ ಬಂದಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಸಣ್ಣ ಸಣ್ಣ ತುಣುಕಾಗಿ ಓದಿ ಜೋಡಿಸುವುದರಿಂದ ಇಂಥ ಅಂಟುಗಳು ಅವುಗಳ ಕಣ್ಣನ್ನೂ ತಪ್ಪಿಸಬಲ್ಲವು. ಆದ್ದರಿಂದ ಯಾವ ಪರೀಕ್ಷೆ ಉತ್ತಮ ಎಂದು ಯಾರಾದರೂ ಕೇಳಿದರೆ, ಏನನ್ನು ಹುಡುಕುತ್ತಿದ್ದೀರಿ ಎಂದು ತಿರುಗಿ ಕೇಳುವುದೇ ಸರಿ.

ವರ್ಣತಂತುಗಳನ್ನು ನೀವೇ ನೋಡಬೇಕೆನಿಸಿದರೆ ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಒಂದು ಈರುಳ್ಳಿಯ ಬುಡ ನೀರಿಗೆ ತಾಗುವಂತೆ ಲೋಟದ ಬಾಯಿಯ ಮೇಲೆ ಕೂರಿಸಿ. ಮೂರು ನಾಲ್ಕು ದಿನದಲ್ಲಿ ಬೆಳ್ಳನೆಯ ಬೇರು ಬರುತ್ತವೆ. ಅದರ ತುದಿಯ ಎರಡು ಮಿಲಿಮೀಟರ್ ಸಾಕು, ಕೋಶಗಳು ಅಲ್ಲಿ ಬಿಡುವಿಲ್ಲದೆ ವಿಭಜನೆ ಆಗುತ್ತಿರುತ್ತವೆ. ನಿಮ್ಮ ವಿಜ್ಞಾನದ ಮೇಷ್ಟ್ರನ್ನೋ ಟೀಚರನ್ನೋ ಕೇಳಿ, ಆಮ್ಲ ಮತ್ತು ಬಣ್ಣ ಹಾಕುವ ಕೆಲಸ ಅವರು ಮಾಡಲಿ, ಎಣಿಸುವ ಕೆಲಸ ನಿಮಗಿರಲಿ. ಈರುಳ್ಳಿಯದು 16.