ಮಳೆಯ ಮೇಲೆ ಹೊರಿಸಿದ ತಪ್ಪು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕಾರಣ ಹುಡುಕದೆ ತೀರ್ಪು ಕೊಡಬೇಡಿ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಹೇಳುತ್ತಿದ್ದರು. ಮೊಬೈಲ್ ಟವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೆ ನಾನು ಆ ಮಾತನ್ನು ಒಮ್ಮೆ ಮರೆತೆ. ಅದನ್ನು ಇಲ್ಲಿಯೇ ಒಪ್ಪಿಕೊಳ್ಳಬೇಕು.

ಬೇಲೂರು ಕಡೆ ಮುಂಗಾರು ಹಿಡಿದರೂ, ಅರಸೀಕೆರೆ ಕಡೆ ಗುಡುಗಿನ ಮಳೆ ಬಂದರೂ ನಾವು ಹೇಳುವುದು ಒಂದೇ: "ಮಳೆಗೆ ನೆಟ್‌ವರ್ಕ್ ಹೋಯ್ತು." ಇದು ಅರ್ಧ ನಿಜ. 900 ಮೆಗಾಹರ್ಟ್ಸ್‌ನ ಮೊಬೈಲ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ಮಳೆಹನಿ ಕೆಲವೇ ಮಿಲಿಮೀಟರ್. ಹನಿ ಈ ಅಲೆಯನ್ನು ಅಷ್ಟಾಗಿ ತಡೆಯಲಾರದು. ಮನೆ ಮೇಲಿನ ಟಿವಿ ಡಿಶ್‌ಗೆ ಬರುವ ಅಲೆ ಸುಮಾರು ಎರಡೂವರೆ ಸೆಂಟಿಮೀಟರ್. ಅದನ್ನು ಜೋರು ಮಳೆ ಹೀರುತ್ತದೆ, ಚದುರಿಸುತ್ತದೆ. ಕೆಲವು ಟವರ್‌ಗಳ ನಡುವಿನ ಸಂಪರ್ಕವೂ ಇಂಥ ಚಿಕ್ಕ ಅಲೆಗಳಲ್ಲೇ ನಡೆಯುತ್ತದೆ. ಅದು ಸೊರಗಿದರೆ ಫೋನಿನಲ್ಲಿ ಸಿಗ್ನಲ್ ಪೂರ್ತಿ ಕಂಡರೂ ಇಂಟರ್‌ನೆಟ್ ಓಡುವುದಿಲ್ಲ. ನಮ್ಮ ತೆಂಗಿನ ತೋಟಗಳಲ್ಲಿ ನೆನೆದ ಗರಿಗಳೂ ಸಿಗ್ನಲ್ಲನ್ನು ಸ್ವಲ್ಪ ತಿನ್ನುತ್ತವೆ.

ಆದರೆ ನಾನು ಹೆಚ್ಚಾಗಿ ಕಂಡ ಕಾರಣ ಕರೆಂಟು. ಕೊಂಬೆ ಬಿದ್ದು ತಂತಿ ಹರಿದರೆ ಟವರ್ ಬ್ಯಾಟರಿಯ ಮೇಲೆ ನಿಲ್ಲುತ್ತದೆ. ಬ್ಯಾಟರಿ ಹಳತಾಗಿ, ಜನರೇಟರಿಗೆ ಡೀಸೆಲ್ಲೂ ಇಲ್ಲದಿದ್ದರೆ ಸುತ್ತಲ ಹಳ್ಳಿಗಳ ಫೋನು ಸತ್ತಂತೆ.

ಒಂದು ರಾತ್ರಿ ಹಾಗೇ ಆಯಿತು. ಬ್ಯಾಟರಿ ಸೋತಿದೆ ಎಂದು ಗೊತ್ತಿದ್ದೂ ದಾಖಲೆ ಪುಸ್ತಕದಲ್ಲಿ "ಕಾರಣ: ಮಳೆ" ಎಂದು ಬರೆದೆ. ಬೆಳಿಗ್ಗೆ ತಿಳಿಯಿತು, ಅದೇ ರಾತ್ರಿ ನಮ್ಮ ಬೀದಿಯ ಹೆಣ್ಣುಮಗಳಿಗೆ ಹೆರಿಗೆ ನೋವು ಬಂದು, 108ಕ್ಕೆ ಕರೆ ಹೋಗದೆ, ಅವರಣ್ಣ ಮಳೆಯಲ್ಲೇ ಬೈಕಿನಲ್ಲಿ ಹೋಗಿ ಗಾಡಿ ಹುಡುಕಿ ತಂದರಂತೆ. ತಾಯಿ ಮಗು ಉಳಿದರು. ಆದರೆ ನಾನು ಬರೆದ ಆ ಒಂದು ಪದದಿಂದ ಬ್ಯಾಟರಿ ಬದಲಾಗುವುದು ಇನ್ನಷ್ಟು ತಡವಾಯಿತು. ಮಳೆಗೆ ಯಾರು ರಿಪೇರಿ ಮಾಡುತ್ತಾರೆ?

ನಮ್ಮ ಹಾಸನದಲ್ಲೇ ಇರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು 1982ರಿಂದ ನಡೆಸುತ್ತಿದೆ. ಅಲ್ಲಿಯೂ ಮಳೆ ಬರುತ್ತದೆ. ಮಳೆಯನ್ನು ಲೆಕ್ಕಕ್ಕೆ ಹಿಡಿದೇ ಅಂಥ ವ್ಯವಸ್ಥೆ ಕಟ್ಟುತ್ತಾರೆ.

ಮಕ್ಕಳೇ, ಈ ಮುಂಗಾರಿಗೆ ಒಂದು ನೋಟ್ ಪುಸ್ತಕ ಇಡಿ. ಮಳೆ ಯಾವಾಗ ಬಂತು, ಕರೆಂಟು ಯಾವಾಗ ಹೋಯಿತು, ಸಿಗ್ನಲ್ ಯಾವಾಗ ಹೋಯಿತು, ಬರೆಯಿರಿ. ಹಿರಿಯರು ದೂರು ಕೊಡುವಾಗ ಆ ಪುಸ್ತಕವನ್ನೇ ಮುಂದಿಡಲಿ. ಆಗ "ಮಳೆ" ಎಂದು ಹೇಳಿ ಯಾರೂ ನುಣುಚಿಕೊಳ್ಳಲಾರರು, ನನ್ನಂಥವರು ಕೂಡ.