ಭಾರವಿಲ್ಲದ ಎಡೆಯಲ್ಲಿ ಬೆಳೆದ ಮಣಿಗಳು

(ಸಂಘದ ರಾಜ್ಯೋತ್ಸವ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಕಾರ್ಯಕಾರಿ ಸಮಿತಿಯವರು ನಮಗೆ ಕಾಲುಗಂಟೆಯ ಅವಕಾಶ ಕೊಟ್ಟಿದ್ದಾರೆ. ವಿಷಯ ಅಂತರಿಕ್ಷದ್ದು, ಮಾತನಾಡುವವರು ಬ್ಯಾಂಕಿನ ಗುಮಾಸ್ತರು. ಬಿ.ಕಾಂ. ಓದಿ ಜಮಾಖರ್ಚು ಬರೆಯುವ ನಮಗೂ ರಸಾಯನಶಾಸ್ತ್ರಕ್ಕೂ ಏನು ನಂಟು ಎಂದು ತಾವು ಕೇಳಬಹುದು. ನಂಟು ಎರಡು ಬಗೆಯದು. ಅಳತೆ ಸರಿಯಾಗಿರಬೇಕೆಂಬುದು ಒಂದು. ಸಾರ್ವಜನಿಕರ ಹಣ ಎಲ್ಲಿಗೆ ಹೋಯಿತು, ಏನನ್ನು ತಂದಿತು ಎಂದು ಕೇಳಬೇಕೆಂಬುದು ಇನ್ನೊಂದು. ಇವೆರಡೂ ಲೆಕ್ಕದವರ ಮಾತುಗಳೇ ಅಲ್ಲವೆ?

ಮೊದಲು ಅಳತೆಯ ಮಾತು. ಅಂಗಡಿಯವನ ಪಾವು ಸರಿಯಿದೆಯೇ ಎಂದು ನೋಡಲು ಮುದ್ರೆ ಬಿದ್ದ ಇನ್ನೊಂದು ಪಾವು ಬೇಕು. ದೊಡ್ಡ ವಸ್ತುಗಳಿಗೆ ಇದು ಸುಲಭ. ಆದರೆ ನಮ್ಮ ರಕ್ತದ ಕೆಂಪು ಕಣದ ಅಗಲ ಏಳೆಂಟು ಮೈಕ್ರೋಮೀಟರು ಮಾತ್ರ. ಮೈಕ್ರೋಮೀಟರು ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಇಂಥ ಕಣಗಳನ್ನು ಎಣಿಸಿ ಅಳೆಯುವ ಯಂತ್ರ ಆಸ್ಪತ್ರೆಯಲ್ಲಿ ಉಂಟು. ಔಷಧದ ಪುಡಿಯನ್ನೂ ಬಣ್ಣದ ಪುಡಿಯನ್ನೂ ಅಳೆಯುವ ಯಂತ್ರಗಳು ಕಾರ್ಖಾನೆಗಳಲ್ಲಿ ಉಂಟು. ಆ ಯಂತ್ರ ನಿಜ ಹೇಳುತ್ತಿದೆಯೇ ಎಂದು ತಿಳಿಯುವುದು ಹೇಗೆ? ಅಷ್ಟೇ ಸಣ್ಣದಾದ, ಒಂದರಂತೆ ಇನ್ನೊಂದಿರುವ, ಅಳತೆ ಮೊದಲೇ ಗೊತ್ತಿರುವ ಗುಂಡು ಮಣಿಗಳು ಬೇಕು. ಅವೇ ಅಲ್ಲಿಯ ಮುದ್ರೆಯ ಪಾವು.

ಇಂಥ ಮಣಿಗಳನ್ನು ಪಾಲಿಮರಿನಿಂದ ಮಾಡುತ್ತಾರೆ. ಸಣ್ಣ ಅಣುಗಳು ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಕೂಡಿ ಉದ್ದವಾದ ಅಣುವಾದರೆ ಅದು ಪಾಲಿಮರು. ಸ್ಟೈರೀನ್ ಎಂಬ ದ್ರವ ಹೀಗೆ ಸರಪಣಿಗೂಡಿದರೆ ಪಾಲಿಸ್ಟೈರೀನ್. ಗಣಪತಿ ಹಬ್ಬದ ಮಂಟಪಕ್ಕೆ ಬಳಸುವ ಥರ್ಮೊಕೋಲ್ ಇದೇ ಪದಾರ್ಥ. ನೀರಿನಲ್ಲಿ ಸ್ಟೈರೀನನ್ನೂ ಸ್ವಲ್ಪ ಸೋಪಿನಂಥ ವಸ್ತುವನ್ನೂ ಬೆರೆಸಿ, ಕ್ರಿಯೆಯನ್ನು ಆರಂಭಿಸುವ ರಾಸಾಯನಿಕವನ್ನು ಹಾಕಿ ಕಾಯಿಸಿದರೆ, ಹಾಲಿನಂಥ ಬೆಳ್ಳನೆಯ ದ್ರವದಲ್ಲಿ ಸೂಕ್ಷ್ಮವಾದ ಮಣಿಗಳು ಹುಟ್ಟುತ್ತವೆ. ಇದಕ್ಕೆ ಲೇಟೆಕ್ಸ್ ಎಂದು ಹೆಸರು. 1947ರಲ್ಲಿ ಅಮೆರಿಕದ ಡೌ ಕಂಪನಿಯಲ್ಲಿ ತಯಾರಾದ ಒಂದು ಲೇಟೆಕ್ಸಿನ ಮಣಿಗಳೆಲ್ಲ ಒಂದೇ ಅಳತೆಯವೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡುಬಂತು. ಅಲ್ಲಿಂದ ಅವು ಸೂಕ್ಷ್ಮದರ್ಶಕಕ್ಕೇ ಅಳತೆಗೋಲಾದವು. ಆದರೆ ಅವುಗಳ ಅಗಲ ಕಾಲು ಮೈಕ್ರೋಮೀಟರಿನಷ್ಟು. ರಕ್ತಕಣದ ಗಾತ್ರದ ಮಣಿ ಬೇಕೆಂದರೆ ಅವನ್ನು ಬೆಳೆಸಬೇಕು.

ಬೆಳೆಸುವ ಕ್ರಮ ಮೊಸರಿನ ಹೆಪ್ಪಿನಂತೆ. ಹಳೆಯ ಮಣಿಗಳನ್ನು ಬೀಜವಾಗಿಟ್ಟು ಹೊಸ ಸ್ಟೈರೀನನ್ನು ಉಣಿಸಬೇಕು. ಮಣಿ ಅದನ್ನು ಹೀರಿ ಉಬ್ಬುತ್ತದೆ, ಕಾಯಿಸಿದಾಗ ಗಟ್ಟಿಯಾಗುತ್ತದೆ. ಹೀಗೆ ಹಂತಹಂತವಾಗಿ ಎರಡು ಮೈಕ್ರೋಮೀಟರಿನವರೆಗೆ ಬೆಳೆಸಬಹುದಾಗಿತ್ತು. ಅದರಿಂದ ಹತ್ತಕ್ಕೆ ಹೋಗುವುದೆಂದರೆ ಐದು ಪಾಲು ಎನ್ನಬೇಡಿ. ಅಗಲ ಐದು ಮಡಿಯಾದರೆ ಗಾತ್ರ ನೂರಿಪ್ಪತ್ತೈದು ಮಡಿ. ಇಲ್ಲಿಯೇ ಭೂಮಿಯ ಆಕರ್ಷಣೆ ಅಡ್ಡ ಬಂತು.

ಹಾಲನ್ನು ಕದಲಿಸದೆ ಇಟ್ಟರೆ ಕೆನೆ ಮೇಲಕ್ಕೆ ಬರುತ್ತದೆ. ಕಷಾಯವನ್ನು ಇಟ್ಟರೆ ಗಸಿ ಕೆಳಕ್ಕಿಳಿಯುತ್ತದೆ. ನಮ್ಮ ಮಣಿಗೆ ಈ ಎರಡು ಗತಿಯೂ ಬರುತ್ತದೆಂಬುದು ವಿಚಿತ್ರ. ಸ್ಟೈರೀನ್ ನೀರಿಗಿಂತ ಹಗುರ. ಆದುದರಿಂದ ಅದನ್ನು ಕುಡಿದು ಉಬ್ಬಿದ ಮಣಿ ಕೆನೆಯಂತೆ ಮೇಲೇರುತ್ತದೆ. ಪಾಲಿಸ್ಟೈರೀನ್ ನೀರಿಗಿಂತ ತೂಕ. ಆದುದರಿಂದ ಗಟ್ಟಿಯಾದ ಮಣಿ ಗಸಿಯಂತೆ ತಳ ಸೇರುತ್ತದೆ. ಚಿಕ್ಕ ಮಣಿಯನ್ನು ನೀರಿನ ಅಣುಗಳ ತಾಕಲಾಟವೇ ತೇಲಿಸಿಡುತ್ತದೆ. ದೊಡ್ಡದಾದಂತೆ ಆ ಬಲ ಸಾಲದು. ಮೇಲೋ ಕೆಳಗೋ ಒತ್ತೊತ್ತಾಗಿ ಸೇರಿದ ಮಣಿಗಳು ಅಂಟಿಕೊಳ್ಳುತ್ತವೆ. ಜೋರಾಗಿ ಕಲಕೋಣವೆಂದರೆ, ಮಜ್ಜಿಗೆ ಕಡೆದಾಗ ಬೆಣ್ಣೆ ಮುದ್ದೆಗಟ್ಟುವಂತೆ, ಕಲಕುವ ರಭಸಕ್ಕೇ ಮುದ್ದೆಯಾಗುತ್ತವೆ. ಸೋಪನ್ನು ಹೆಚ್ಚಿಸೋಣವೆಂದರೆ ಬೇಡದ ಹೊಸ ಮರಿಮಣಿಗಳು ಹುಟ್ಟಿ ಅಳತೆ ಕೆಡುತ್ತದೆ. ಹೀಗೆ ಮೂರು ಬಾಗಿಲೂ ಮುಚ್ಚಿದವು.

ಈ ಕಷ್ಟವನ್ನು ಚೆನ್ನಾಗಿ ಬಲ್ಲವರು ಜಾನ್ ವ್ಯಾಂಡರ್‌ಹಾಫ್ ಎಂಬ ವಿಜ್ಞಾನಿ. ಹಿಂದೆ ಡೌ ಕಂಪನಿಯಲ್ಲಿದ್ದು ಆಮೇಲೆ ಪೆನ್ಸಿಲ್ವೇನಿಯದ ಲೀಹೈ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದವರು. ಮೇಲು ಕೆಳಗು ಎಂಬುದೇ ಇಲ್ಲದ ಕಡೆ ಈ ಮಣಿಯನ್ನು ಬೆಳೆಸಿದರೆ ಹೇಗೆ ಎಂಬುದು ಅವರ ಮತ್ತು ಸಂಗಡಿಗರ ಆಲೋಚನೆ.

ಅಂಥ ಕಡೆ ಯಾವುದು? ಅಂತರಿಕ್ಷದಲ್ಲಿ ಆಕರ್ಷಣೆಯೇ ಇಲ್ಲವೆಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಇನ್ನೂರೈವತ್ತು ಕಿಲೋಮೀಟರು ಎತ್ತರದಲ್ಲಿಯೂ ಭೂಮಿಯ ಸೆಳೆತ ಇಲ್ಲಿಯದರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಇರುತ್ತದೆ. ಆದರೆ ಕಕ್ಷೆಯಲ್ಲಿರುವ ನೌಕೆ ಭೂಮಿಯ ಸುತ್ತ ಸದಾ ಬೀಳುತ್ತಲೇ ಇರುತ್ತದೆ. ಕೈಜಾರಿದ ತಂಬಿಗೆ ಬಾವಿಗೆ ಬೀಳುವಾಗ ಅದರೊಳಗಿನ ನೀರೂ ನೀರಿನಲ್ಲಿರುವ ಸಾಸಿವೆಯೂ ಒಂದೇ ವೇಗದಲ್ಲಿ ಬೀಳುತ್ತವಷ್ಟೆ. ಆ ಕ್ಷಣ ಸಾಸಿವೆಗೆ ತಳ ಸೇರುವ ಕಾರಣವಿಲ್ಲ. ನೌಕೆಯಲ್ಲಿ ಆ ಕ್ಷಣವೇ ದಿನಗಟ್ಟಲೆ ನಡೆಯುತ್ತದೆ.

1982ರ ಮಾರ್ಚ್ 22ರಂದು ಕೊಲಂಬಿಯ ನೌಕೆ ಜಾಕ್ ಲೌಸ್ಮ ಮತ್ತು ಗೋರ್ಡನ್ ಫುಲ್ಲರ್ಟನ್ ಎಂಬ ಇಬ್ಬರನ್ನು ಹೊತ್ತು ಮೂರನೆಯ ಯಾನಕ್ಕೆ ಏರಿದಾಗ, ಅದರಲ್ಲಿ ಈ ಪ್ರಯೋಗದ ಪಾತ್ರೆಗಳೂ ಇದ್ದವು. ಒಂದೊಂದರಲ್ಲಿ ನೂರು ಮಿಲಿಲೀಟರಿನಷ್ಟು ದ್ರವ ಹಿಡಿಯುವ ನಾಲ್ಕು ಸಿಲಿಂಡರುಗಳು, ಮೆಲ್ಲನೆ ಕದಲಿಸುವ ಕಡ್ಡಿ, ಕಾಯಿಸುವ ಏರ್ಪಾಡು. ಬಿಸಿ ಸಮನಾಗಿ ಹರಡುವಷ್ಟು ಕದಲಿಸಿದರೆ ಸಾಕಾಯಿತು. ಆ ಮೊದಲ ಯಾನದಲ್ಲಿಯೇ ಸುಮಾರು 5 ಮೈಕ್ರೋಮೀಟರಿನ ಮಣಿಗಳು ದೊರೆತವು. 1983ರ ಏಪ್ರಿಲಿನ ಚಾಲೆಂಜರ್ ಯಾನದಲ್ಲಿ 10 ಮೈಕ್ರೋಮೀಟರಿನವು ಬೆಳೆದವು. ಮುಂದೆ 30ರ ಹತ್ತಿರದವೂ ಬಂದವು.

ಹತ್ತರ ಮಣಿಗಳನ್ನು ನಾಸಾ ಸಂಸ್ಥೆ ಅಮೆರಿಕದ ರಾಷ್ಟ್ರೀಯ ಮಾನಕ ಕಚೇರಿಗೆ ಒಪ್ಪಿಸಿತು. ಅಲ್ಲಿಯವರು ಅಳೆದು, ಸರಾಸರಿ ಅಗಲ 9.89 ಮೈಕ್ರೋಮೀಟರು ಎಂದು ಪ್ರಮಾಣಪತ್ರ ಬರೆದು, 1985ರಲ್ಲಿ ಮಾರಾಟಕ್ಕಿಟ್ಟರು. ಐದು ಮಿಲಿಲೀಟರಿನ ಒಂದು ಸೀಸೆಯ ಬೆಲೆ 384 ಡಾಲರು. ಅಂತರಿಕ್ಷದಲ್ಲಿ ತಯಾರಾಗಿ ಭೂಮಿಯಲ್ಲಿ ಬಿಕರಿಯಾದ ಮೊದಲ ಸರಕು ಇದು. ವಜ್ರವಲ್ಲ, ಬಂಗಾರವಲ್ಲ, ಕಣ್ಣಿಗೆ ಕಾಣದ ಪಾಲಿಸ್ಟೈರೀನ್ ಮಣಿ!

ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ಬೀಳಬಹುದು. ಆದರೆ ಜಮೆಯ ಪುಟವನ್ನು ಮಾತ್ರ ಓದಿ ಖರ್ಚಿನ ಪುಟವನ್ನು ಮಡಚಿಟ್ಟಂತಾದೀತು. ನಾರ್ವೆ ದೇಶದ ಟ್ರಾನ್‌ಹೀಮ್ ಊರಿನಲ್ಲಿ ಜಾನ್ ಉಗೆಲ್‌ಸ್ಟಾಡ್ ಎಂಬ ಪ್ರಾಧ್ಯಾಪಕರಿದ್ದರು. ದೊಡ್ಡದಾದ ಸಮಮಣಿಗಳಿಗೆ ಅಂತರಿಕ್ಷವೇ ಬೇಕೆಂಬ ಮಾತು ಹಬ್ಬಿದ್ದ ಕಾಲದಲ್ಲಿ, ಷಟಲ್ ನೌಕೆ ಇನ್ನೂ ಹಾರುವ ಮುಂಚೆಯೇ, 1970ರ ದಶಕದ ಉತ್ತರಾರ್ಧದಲ್ಲಿ, ಅವರು ಅಂಥ ಮಣಿಗಳನ್ನು ನೆಲದ ಮೇಲೆಯೇ ಮಾಡಿದರು. ಅವರ ಉಪಾಯ ಹಂತಗಳನ್ನು ಕಡಿಮೆ ಮಾಡುವುದು. ನೀರಿನಲ್ಲಿ ಕರಗದ ಒಂದು ಸಣ್ಣ ಅಣುವಿನ ವಸ್ತುವನ್ನು ಬೀಜದ ಮಣಿಗೆ ಮೊದಲು ಉಣಿಸಿದರೆ, ಆಮೇಲೆ ಅದು ತನ್ನ ಗಾತ್ರದ ನೂರು ಮಡಿಗೂ ಮಿಕ್ಕಿ ದ್ರವವನ್ನು ಹೀರಬಲ್ಲದು. ಒಂದೇ ನೆಗೆತಕ್ಕೆ ದೊಡ್ಡ ಮಣಿ. ಅದರೊಳಗೆ ಕಬ್ಬಿಣದ ಆಕ್ಸೈಡನ್ನು ಸೇರಿಸಿ ಅಯಸ್ಕಾಂತಕ್ಕೆ ಓಗೊಡುವಂತೆ ಮಾಡಿದ ಮಣಿಗಳು ಡೈನಾಬೀಡ್ಸ್ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾದವು. ರಕ್ತದಿಂದ ಬೇಕಾದ ಜೀವಕೋಶವನ್ನು ಆರಿಸಿ ತೆಗೆಯಲು ಇಂದು ಪ್ರಯೋಗಶಾಲೆಗಳಲ್ಲಿ ಅವನ್ನು ಬಳಸುತ್ತಾರೆ.

ಹಾಗಾದರೆ ನೌಕೆಗೆ ಸುರಿದ ಹಣ ದಂಡವೆ? ನಾವು ಹಾಗೆ ಹೇಳಲಾರೆವು. ಮಣಿಯ ಬೆಳವಣಿಗೆಗೆ ಅಡ್ಡಿ ಎಲ್ಲಿದೆ ಎಂಬ ಊಹೆಯನ್ನು ಕಕ್ಷೆಯಲ್ಲಿನ ಪ್ರಯೋಗ ಪರೀಕ್ಷೆಗೆ ಒಡ್ಡಿ ನಿಜವೆಂದು ತೋರಿಸಿತು. ಮುದ್ರೆಯ ಅಳತೆಯೊಂದನ್ನೂ ಕೊಟ್ಟಿತು. ಆದರೆ ಮಣಿಯ ಕಾರ್ಖಾನೆಯನ್ನು ಮೇಲಕ್ಕೆ ಕೊಂಡೊಯ್ಯಬೇಕಾಗಲಿಲ್ಲ. ಎರಡೂ ಕಲಮುಗಳನ್ನು ಬರೆದಾಗಲೇ ತಾಳೆ.

ಇನ್ನೊಂದು ನಿದರ್ಶನ. 2014ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ, ಕರಗಿದ ಪ್ಲಾಸ್ಟಿಕ್ಕನ್ನು ಶ್ಯಾವಿಗೆಯಂತೆ ಎಳೆಯೆಳೆಯಾಗಿ ಒತ್ತಿ ವಸ್ತು ಮಾಡುವ ಮುದ್ರಣಯಂತ್ರವನ್ನು ನಡೆಸಿದರು. ಮುಂದಿನ ತಿಂಗಳು ತಿರುಪು ತಿರುಗಿಸುವ ಹತಾರದ ನಕ್ಷೆಯನ್ನು ಭೂಮಿಯಿಂದ ಕಳುಹಿಸಿ, ಹತಾರವನ್ನು ಅಲ್ಲಿಯೇ ಮಾಡಿದರು. ಅದನ್ನು ಇಲ್ಲಿ ಮಾಡಿದ್ದರೊಡನೆ ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರಣ ಸರಳ: ಆ ಪ್ಲಾಸ್ಟಿಕ್ ಮಂದವಾದ ಪಾಕ, ಬೇಗನೆ ಹೆಪ್ಪುಗಟ್ಟುತ್ತದೆ, ತೇಲುವ ಮುಳುಗುವ ಪ್ರಶ್ನೆ ಅಲ್ಲಿಲ್ಲ. ಲಾಭ ಇರುವುದು ವಸ್ತುವಿನ ಗುಣದಲ್ಲಲ್ಲ, ಅಂಗಡಿಯಿಲ್ಲದ ಕಡೆ ಬೇಕಾದ ಹತಾರ ಕೈಗೆ ಸಿಗುವುದರಲ್ಲಿ.

ಸಭಿಕರೇ, ಇದು ಇನ್ನು ಮೇಲೆ ಪರದೇಶದ ಕಥೆಯಾಗಿ ಉಳಿಯುವುದಿಲ್ಲ. 2025ರಲ್ಲಿ ಶುಭಾಂಶು ಶುಕ್ಲಾ ಅವರು ಆ ನಿಲ್ದಾಣಕ್ಕೆ ಹೋದಾಗ, ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಐ.ಐ.ಟಿ.ಯವರೊಡನೆ ಸಿದ್ಧಪಡಿಸಿದ ಹೆಸರುಕಾಳು ಮೆಂತ್ಯಗಳೂ ಮೊಳಕೆಯ ಪರೀಕ್ಷೆಗೆ ಜೊತೆಯಲ್ಲಿ ಹೋದವು. 2035ರ ಹೊತ್ತಿಗೆ ಭಾರತದ್ದೇ ಒಂದು ನಿಲ್ದಾಣವಾಗಬೇಕೆಂದು ಸರ್ಕಾರ ಗುರಿಯಿಟ್ಟಿದೆ. ಅದಕ್ಕೆ ಹಣ ನಮ್ಮ ನಿಮ್ಮ ತೆರಿಗೆಯದು. ಅಲ್ಲಿ ಏನನ್ನು ತಯಾರಿಸಬೇಕು ಎಂಬ ಮಾತು ಬಂದಾಗ, ಹೆಮ್ಮೆಯಿಂದ ಬೀಗಿ ಎಲ್ಲಕ್ಕೂ ತಲೆದೂಗುವುದೂ ಬೇಡ, ಹಸಿದವರಿರುವಾಗ ಇದೇಕೆ ಎಂದು ಎಲ್ಲವನ್ನೂ ತಳ್ಳಿಹಾಕುವುದೂ ಬೇಡ. ಮೂರು ಪ್ರಶ್ನೆ ಕೇಳಿದರೆ ಸಾಕು: ಈ ಪದಾರ್ಥಕ್ಕೆ ಭೂಮಿಯ ಸೆಳೆತ ಮಾಡುವ ಕೆಡುಕೇನು? ಅದನ್ನು ನೆಲದ ಮೇಲೆಯೇ ನಿವಾರಿಸುವ ಉಪಾಯವಿಲ್ಲವೆ? ಇಲ್ಲವಾದರೆ, ಬರುವ ಫಲ ಸಾಗಣೆಯ ಖರ್ಚನ್ನು ತೂಗುತ್ತದೆಯೆ?

ಈ ಪ್ರಶ್ನೆಗಳಿಗೆ ದೊಡ್ಡ ಪದವಿ ಬೇಕಿಲ್ಲ. ಕನ್ನಡದಲ್ಲಿಯೇ ಕೇಳಬಹುದು, ಮನೆಯ ಊಟದ ಹೊತ್ತಿನಲ್ಲಿ ಮಕ್ಕಳೊಡನೆ ಚರ್ಚಿಸಬಹುದು. ಹೊರನಾಡಿನ ಶಾಲೆಯಲ್ಲಿ ಬೇರೆ ನುಡಿಯಲ್ಲಿ ವಿಜ್ಞಾನ ಕಲಿಯುವ ನಮ್ಮ ಮಕ್ಕಳಿಗೆ ಕೆನೆ, ಗಸಿ, ಹೆಪ್ಪು, ಕಡೆಗೋಲು ಎಂಬ ಮಾತುಗಳು ಅಡಿಗೆಮನೆಯವು ಮಾತ್ರವಲ್ಲ, ಪ್ರಯೋಗಶಾಲೆಗೂ ಸಲ್ಲುತ್ತವೆಂದು ತಿಳಿಯಲಿ. ಆ ತಿಳಿವಳಿಕೆಗೆ ಇಂದಿನ ಮಾತು ಅಣುವಿನಷ್ಟಾದರೂ ಒದಗಿದರೆ ನಾವು ಧನ್ಯರು.